ಚಳಿಗಾಲ ಕಳೆದ ಮೇಲೆ ಮನಸ್ಸಿಗೆ ಬಿಸಿಲು ತಾಗಿಸುವ ಬಗೆ

ಕ್ಯಾಲೆಂಡರಿನಲ್ಲಿ ಚಳಿಗಾಲ ಮುಗಿದ ದಿನವೇ ಮೈಮನಸ್ಸಿನ ಚಳಿ ಬಿಟ್ಟುಹೋಗುವುದಿಲ್ಲ. ಹೊರಗೆ ಹಗಲು ಹಿಗ್ಗುತ್ತಿರುತ್ತದೆ, ಗಾಳಿಯ ಕೊರೆತ ತಗ್ಗಿರುತ್ತದೆ. ಒಳಗೆ ಮಾತ್ರ ತಿಂಗಳುಗಟ್ಟಲೆ ಕಿಟಕಿ ಮುಚ್ಚಿ ಹೊದ್ದು ಕುಳಿತ ರೂಢಿಯೇ ಮುಂದುವರಿದಿರುತ್ತದೆ. ಬೆಳಗ್ಗೆ ಏಳಲು ಸೋಮಾರಿತನ, ಸಂಜೆಗೆ ಕಾರಣವಿಲ್ಲದ ಮಂಕು, ಯಾರಾದರೂ ಕರೆದರೆ ‘ಇನ್ನೊಂದು ದಿನ ನೋಡೋಣ’ ಎನ್ನುವ ಸಿದ್ಧ ಉತ್ತರ. ಮನಸ್ಸು ಮೊದಲು ಸರಿಹೋಗಲಿ, ಆಮೇಲೆ ಹೊರಗೆ ಹೊರಟರಾಯಿತು ಎಂದು ನಾನೂ ಹಲವು ವರ್ಷ ಕಾದವನೇ. ಕಾದಷ್ಟು ದಿನ ಕಳೆದುಹೋಯಿತೇ ಹೊರತು ಮನಸ್ಸು ಅದರಷ್ಟಕ್ಕೆ ಅದು ಸರಿಹೋಗಲಿಲ್ಲ.

ಈ ಲೆಕ್ಕವೇ ತಿರುವುಮುರುವು ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಪೀಟರ್ ಲೆವಿನ್ಸನ್ 1970ರ ದಶಕದಲ್ಲೇ ವಿವರಿಸಿದ್ದರು. ಹಿತ ಕೊಡುವ ಚಟುವಟಿಕೆಗಳು ಕಡಿಮೆಯಾದಾಗ ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸು ಉಳಿದ ಚಟುವಟಿಕೆಗಳನ್ನೂ ಒಂದೊಂದಾಗಿ ಕೈಬಿಡಿಸುತ್ತದೆ, ಹಾಗಾಗಿ ಈ ಸುತ್ತನ್ನು ಚಟುವಟಿಕೆಯ ಕಡೆಯಿಂದಲೇ ಮುರಿಯಬೇಕು ಎಂಬುದು ಅವರ ವಾದದ ತಿರುಳು. ಅವರು ಡಗ್ಲಸ್ ಮ್ಯಾಕ್‌ಫಿಲಮಿ ಅವರೊಂದಿಗೆ ಸೇರಿ 320 ಹಿತಕರ ಸಂಗತಿಗಳ ಒಂದು ಪಟ್ಟಿಯನ್ನೇ ಮಾಡಿದರು. ಮುಂದೆ ಹೇಳಿರುವ ಹೆಜ್ಜೆಗಳೂ ಅದೇ ತಳಹದಿಯ ಮೇಲಿವೆ: ಸಣ್ಣಪುಟ್ಟ ಹಿತಗಳನ್ನು ಹುಡುಕುವ ಕೆಲಸ ಮೊದಲು, ಉಲ್ಲಾಸ ಆಮೇಲೆ. ಹೆಜ್ಜೆಗಳ ಕ್ರಮವನ್ನು ನಾನು ಬೇಕೆಂದೇ ಹೀಗೆ ಇಟ್ಟಿದ್ದೇನೆ; ಬೆಳಕಿನ ಹೆಜ್ಜೆಯನ್ನು ದಾಟಿ ನೇರವಾಗಿ ಬೀಜ ಬಿತ್ತಲು ಹೊರಟರೆ ಬೇಗ ಬೇಸರ ಬರುತ್ತದೆ.

ಹೆಜ್ಜೆ 1: ಬೆಳಗಿನ ಬೆಳಕಿಗೆ ಮುಖ ಕೊಡುವುದು

ಎದ್ದ ಒಂದು ಗಂಟೆಯೊಳಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಮನೆಯ ಹೊರಗೆ ಇರಿ. ನಡೆಯಿರಿ, ನಿಲ್ಲಿರಿ, ಮೆಟ್ಟಿಲ ಮೇಲೆ ಕುಳಿತುಕೊಳ್ಳಿ, ಏನು ಮಾಡಿದರೂ ಸರಿ, ಆದರೆ ತಲೆಯ ಮೇಲೆ ಚಾವಣಿ ಇರಬಾರದು. ದೀಪ ಉರಿಯುತ್ತಿರುವ ಮನೆಯೊಳಗೂ ಬೆಳಕಿದೆಯಲ್ಲ ಎಂಬ ಪ್ರಶ್ನೆ ಸಹಜ. ನಮ್ಮ ಕಣ್ಣು ಬೆಳಕಿನ ಏರಿಳಿತಕ್ಕೆ ಎಷ್ಟು ಬೇಗ ಹೊಂದಿಕೊಳ್ಳುತ್ತದೆಯೆಂದರೆ, ಒಳಗಿನ ಮತ್ತು ಹೊರಗಿನ ಬೆಳಕಿನ ನಡುವಿನ ಅಂತರ ನಮಗೆ ತಿಳಿಯುವುದೇ ಇಲ್ಲ. ಬೆಳಕಿನ ಪ್ರಖರತೆಯನ್ನು ಅಳೆಯುವ ಮಾನ ಲಕ್ಸ್; ಸಾಮಾನ್ಯ ಕೋಣೆಯ ಬೆಳಕು 100ರಿಂದ 500 ಲಕ್ಸ್ ಇದ್ದರೆ, ಮೋಡ ಮುಸುಕಿದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅದು 1,00,000 ಲಕ್ಸ್‌ವರೆಗೂ ಏರುತ್ತದೆ. ಚಳಿಗಾಲದ ಖಿನ್ನತೆಗೆ ವೈದ್ಯರು ಬಳಸುವ ದೀಪದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಕಣ್ಣಿನ ಮಟ್ಟದಲ್ಲಿ 10,000 ಲಕ್ಸ್ ಬೀಳುವಂತೆ ಅರ್ಧ ಗಂಟೆ ಕೂರಿಸುತ್ತಾರೆ ಎಂಬುದನ್ನು ನೆನೆದರೆ, ಬಾಗಿಲಾಚೆ ಪುಕ್ಕಟೆಯಾಗಿ ಏನು ಸಿಗುತ್ತಿದೆ ಎಂಬುದು ಅರ್ಥವಾಗುತ್ತದೆ.

ಈ ಬೆಳಕು ನೋಟಕ್ಕಷ್ಟೇ ಒದಗುವುದಲ್ಲ. ಅಕ್ಷಿಪಟಲದಲ್ಲಿ ಚಿತ್ರ ಮೂಡಿಸುವ ಕೋಶಗಳ ಜೊತೆಗೆ, ಬೆಳಕಿನ ಪ್ರಮಾಣವನ್ನು ಅಳೆದು ಮೆದುಳಿನಲ್ಲಿರುವ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಬೇರೆಯದೇ ಕೋಶಗಳಿವೆ ಎಂಬುದನ್ನು 2002ರಲ್ಲಿ ಡೇವಿಡ್ ಬರ್ಸನ್ ಮತ್ತು ಸಂಗಡಿಗರು ತೋರಿಸಿದರು. ಬೆಳಗ್ಗೆ ಆ ಕೋಶಗಳಿಗೆ ಗಟ್ಟಿಯಾದ ಬೆಳಕು ಸಿಕ್ಕರೆ ನಿದ್ರೆಯ ಹಾರ್ಮೋನಾದ ಮೆಲಟೋನಿನ್ ಹಗಲಿನಲ್ಲಿ ಅಡಗಿ, ರಾತ್ರಿ ಸರಿಯಾದ ಹೊತ್ತಿಗೆ ಮೇಲೆದ್ದು ಬರುತ್ತದೆ. ಸೂರ್ಯನನ್ನು ನೇರವಾಗಿ ನೋಡಬೇಕಾಗಿಲ್ಲ, ನೋಡಲೂ ಬಾರದು. ಬಯಲ ಬೆಳಕು ಕಣ್ಣಿಗೆ ಬಿದ್ದರೆ ಸಾಕು.

ಹೊರಗೆ ಹೋಗಲಾಗದವರು ಕುರ್ಚಿಯನ್ನು ಕಿಟಕಿಗೆ ಒತ್ತಿ ಹಾಕಿಕೊಳ್ಳಿ. ಕಿಟಕಿಯಿಂದ ಎರಡು ಮೂರು ಮೀಟರ್ ಒಳಸರಿದರೆ ಬೆಳಕು ಹಲವು ಪಟ್ಟು ಕುಸಿಯುತ್ತದೆ. ಆದರೆ ಗಾಜು ನೇರಳಾತೀತ ಕಿರಣಗಳಲ್ಲಿ ವಿಟಮಿನ್ ಡಿ ಉಂಟುಮಾಡುವ ಭಾಗವನ್ನು ಒಳಗೆ ಬಿಡುವುದಿಲ್ಲವಾದ್ದರಿಂದ, ಕಿಟಕಿಯ ಬಿಸಿಲು ಕಣ್ಣಿಗೆ ಒದಗುತ್ತದೆಯೇ ಹೊರತು ಚರ್ಮಕ್ಕೆ ಆ ಲಾಭ ಕೊಡುವುದಿಲ್ಲ. ಗಾಜನ್ನು ಒಮ್ಮೆ ತೊಳೆಯಿರಿ. ನಾನು ಪ್ರತಿ ವರ್ಷ ಮೊದಲು ಅರ್ಧ ಗಾಜನ್ನು ಮಾತ್ರ ಒರೆಸಿ, ಉಳಿದರ್ಧವನ್ನು ಸಂಜೆಯವರೆಗೆ ಹಾಗೆಯೇ ಬಿಡುತ್ತೇನೆ. ಒಂದು ಕಡೆ ಕೋಣೆಯೊಳಗೆ ಬಿದ್ದ ಬೆಳ್ಳನೆಯ ಚೌಕ, ಪಕ್ಕದಲ್ಲೇ ಚಹಾದ ಬಣ್ಣಕ್ಕೆ ತಿರುಗಿದ ಚೌಕ; ಮೂರು ತಿಂಗಳು ಇದರ ಮೂಲಕವೇ ಲೋಕವನ್ನು ನೋಡುತ್ತಿದ್ದೆನಲ್ಲ ಎಂದು ನಗು ಬರುತ್ತದೆ.

ಹೆಜ್ಜೆ 2: ಹಗಲು ಬೆಳೆಯುವುದನ್ನು ಅಳೆಯುವುದು

ಹಗಲು ಉದ್ದವಾಗುತ್ತಿದೆ ಎಂದು ತಿಳಿದಿರುವುದು ಒಂದು, ಅದನ್ನು ಕಣ್ಣಾರೆ ಕಾಣುವುದು ಇನ್ನೊಂದು. ಹಗಲು ರಾತ್ರಿ ಸಮವಾಗುವ ದಿನಗಳ ಆಸುಪಾಸಿನಲ್ಲಿ, ಅಂದರೆ ಉತ್ತರಾರ್ಧಗೋಳದವರಿಗೆ ಮಾರ್ಚ್ 20ರ ಸುಮಾರಿಗೆ ಮತ್ತು ದಕ್ಷಿಣಾರ್ಧಗೋಳದವರಿಗೆ ಸೆಪ್ಟೆಂಬರ್ 22ರ ಸುಮಾರಿಗೆ, ಹಗಲು ವರ್ಷದಲ್ಲೇ ಅತ್ಯಂತ ವೇಗವಾಗಿ ಬೆಳೆಯುತ್ತದೆ. ಸಮಭಾಜಕ ವೃತ್ತದಿಂದ 15 ಡಿಗ್ರಿ ದೂರದಲ್ಲಿರುವವರಿಗೆ ದಿನಕ್ಕೆ ಸುಮಾರು 50 ಸೆಕೆಂಡು, 50 ಡಿಗ್ರಿಯಲ್ಲಿರುವವರಿಗೆ ಸುಮಾರು 4 ನಿಮಿಷ, 60 ಡಿಗ್ರಿಯಲ್ಲಿರುವವರಿಗೆ ಐದೂವರೆ ನಿಮಿಷದಷ್ಟು ಹೆಚ್ಚುವರಿ ಹಗಲು ಸಿಗುತ್ತದೆ. ಕೊನೆಯವರಿಗೆ ಒಂದೇ ವಾರದಲ್ಲಿ ಅರ್ಧ ಗಂಟೆಗೂ ಮೀರಿದ ಗಳಿಕೆ!

ಅಳತೆಗೆ ಎರಡು ದಾರಿಗಳಿವೆ. ಮನೆಯೊಳಗೆ ಬಿಸಿಲು ಬೀಳುವ ಒಂದು ಜಾಗವನ್ನು ಆರಿಸಿ, ಗಡಿಯಾರದ ಒಂದೇ ಹೊತ್ತಿಗೆ, ಬೆಳಕಿನ ಅಂಚು ಎಲ್ಲಿದೆಯೋ ಅಲ್ಲಿ ಕಾಗದದ ಪಟ್ಟಿ ಅಂಟಿಸಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಮೂರನೆಯ ದಿನಕ್ಕೇ ಗೆರೆಗಳ ನಡುವೆ ಬೆರಳಿಡುವಷ್ಟು ಜಾಗ ಕಾಣಬಹುದು. ಎರಡನೆಯದು ಸಂಜೆಯದು, ನನಗೆ ಹೆಚ್ಚು ಪ್ರಿಯವಾದದ್ದು. ಪ್ರತಿ ಸಂಜೆ ಒಂದೇ ಕಡೆ ನಿಂತು, ಸೂರ್ಯ ಮರೆಯಾದ ಮೇಲೆ, ಆತ ಇಳಿದ ಜಾಗ ಯಾವ ಕಂಬದ, ಯಾವ ಮರದ, ಯಾವ ಗೋಡೆಯ ಅಂಚಿಗೆ ಸರಿಯಾಗಿತ್ತು ಎಂದು ಗುರುತಿಸಿಕೊಳ್ಳಿ. ಈ ದಿನಗಳಲ್ಲಿ ಅಸ್ತದ ಬಿಂದು ದಿನಕ್ಕೆ ಹೆಚ್ಚುಕಡಿಮೆ ಸೂರ್ಯಬಿಂಬದ ಅಗಲದಷ್ಟೇ ದಿಗಂತದ ಮೇಲೆ ಪಕ್ಕಕ್ಕೆ ಸರಿಯುತ್ತದೆ. ನಿನ್ನೆ ಕಂಬದ ಈಚೆ ಮುಳುಗಿದವನು ಇಂದು ಕಂಬದ ಆಚೆ ಮುಳುಗಿದ್ದನ್ನು ಕಂಡಾಗ, ನಾವು ನಿಂತ ನೆಲವೇ ಚಲಿಸುತ್ತಿದೆ ಎಂಬ ಪಾಠಪುಸ್ತಕದ ಮಾತು ಮೊದಲ ಬಾರಿ ಮೈಗೆ ತಾಗುತ್ತದೆ.

ಹೆಜ್ಜೆ 3: ಮನೆಯ ಒಂದೇ ಒಂದು ಮೂಲೆ

ಚಳಿಗಾಲ ಮುಗಿದ ಕೂಡಲೇ ಮನೆಯನ್ನೆಲ್ಲ ತೊಳೆದು ಬಳಿದು ಅಣಿಗೊಳಿಸಬೇಕೆಂಬ ಉಪದೇಶ ಎಲ್ಲೆಡೆ ಸಿಗುತ್ತದೆ. ಮಂಕು ಕವಿದ ಮನಸ್ಸಿಗೆ ಇದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಒಂದು ಭಾನುವಾರ ಉತ್ಸಾಹದಿಂದ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಮಂಚದ ಮೇಲೆ ರಾಶಿ ಹಾಕಿದ ನಾನು, ಸಂಜೆಯ ಹೊತ್ತಿಗೆ ಕೈ ಸೋತು, ಆ ರಾಶಿಯನ್ನೇ ಗೋಡೆಯ ಕಡೆಗೆ ದೂಡಿ ಮಿಕ್ಕ ಎರಡಡಿ ಜಾಗದಲ್ಲಿ ಮಲಗಿದ್ದೆ. ಮುಂದಿನ ಭಾನುವಾರದವರೆಗೂ ಮಲಗಿದ್ದು ಹಾಗೆಯೇ.

ಆದ್ದರಿಂದ ಒಂದೇ ಕೆಲಸ ಆರಿಸಿಕೊಳ್ಳಿ, ಅದು ಹಾಸಿಗೆಯದ್ದಾಗಲಿ. ಒಣ ಗಾಳಿಯಿರುವ ದಿನ ಕಿಟಕಿಗಳನ್ನು ಎದುರುಬದುರಾಗಿ ತೆರೆದು, ಹೊದಿಕೆ, ದಿಂಬುಗಳನ್ನು ಬಿಸಿಲಿಗೆ ಹಾಕಿ, ಮಧ್ಯದಲ್ಲೊಮ್ಮೆ ಮಗ್ಗುಲು ತಿರುಗಿಸಿ, ಬಿಸಿಲು ಇಳಿಯುವ ಮುನ್ನ, ಇಬ್ಬನಿ ಕಟ್ಟುವ ಮುನ್ನ ಒಳಗೆ ತನ್ನಿ. ಹಾಸಿಗೆಯ ಧೂಳುನುಸಿಗಳಿಗೆ ತೇವವೇ ಆಧಾರವಾದ್ದರಿಂದ ಒಣಗಿಸುವುದು ಆರೋಗ್ಯಕ್ಕೂ ಒಳ್ಳೆಯದು. ಆದರೆ ನಾನು ಹೇಳಹೊರಟದ್ದು ವಾಸನೆಯ ವಿಷಯ. ಬಿಸಿಲಿನಲ್ಲಿ ಒಣಗಿದ ಬಟ್ಟೆಗೆ ಒಂದು ವಿಶಿಷ್ಟ ಪರಿಮಳ ಇರುತ್ತದೆಂದು ಬಟ್ಟೆ ಒಗೆದವರಿಗೆಲ್ಲ ಗೊತ್ತು; ಅದು ಬರಿಯ ಭಾವನೆಯೇ ಎಂಬುದನ್ನು ಪರೀಕ್ಷಿಸಲು ರಸಾಯನಶಾಸ್ತ್ರಜ್ಞರ ಒಂದು ತಂಡ ಬರೀ ನೀರಿನಲ್ಲಿ ತೊಳೆದ ಟವಲ್‌ಗಳನ್ನು ಒಳಾಂಗಣ, ನೆರಳು, ಬಿಸಿಲು ಈ ಮೂರೂ ಕಡೆ ಒಣಗಿಸಿ, ಅವುಗಳಿಂದ ಹೊಮ್ಮುವ ಆವಿಯನ್ನು ವಿಶ್ಲೇಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಬಿಸಿಲಿನ ಟವಲ್‌ಗಳಲ್ಲಿ ಪೆಂಟನಾಲ್, ನೊನನಾಲ್ ಮುಂತಾದ ಆಲ್ಡಿಹೈಡ್‌ಗಳು ಕಂಡುಬಂದವು. ಗಿಡಗಳೂ ಸುಗಂಧದ್ರವ್ಯಗಳೂ ಹೊರಸೂಸುವ ಜಾತಿಯ ಅಣುಗಳಿವು. ಒದ್ದೆ ಬಟ್ಟೆ, ಬಿಸಿಲು, ಗಾಳಿ ಮೂರೂ ಸೇರಿದಾಗ ಮಾತ್ರ ಸಿದ್ಧವಾಗುವ ಅತ್ತರು ಎನ್ನಬಹುದು. ಅಂದು ರಾತ್ರಿ ದಿಂಬಿಗೆ ಮುಖವಿಟ್ಟು ಹತ್ತು ಉಸಿರು ಎಣಿಸಿ, ಉಳಿದದ್ದನ್ನು ನಿದ್ದೆಗೆ ಬಿಡಿ.

ಬೆಚ್ಚನೆಯ ಬಟ್ಟೆಗಳನ್ನು ಒಳಗಿಡುವಾಗ ಜೇಬುಗಳನ್ನು ತಡವಲು ಮರೆಯಬೇಡಿ. ಮರೆತ ನೋಟು, ನಾಣ್ಯ ಸಿಕ್ಕರೆ ಲಾಭ. ನನಗೆ ಒಮ್ಮೆ ಸಿಕ್ಕಿದ್ದು ಹಿಂದಿನ ವರ್ಷ ಯಾವುದೋ ದಾರಿಯಲ್ಲಿ ಹೆಕ್ಕಿಕೊಂಡ ನುಣುಪು ಕಲ್ಲು. ಅದನ್ನು ಯಾಕೆ ಎತ್ತಿಕೊಂಡಿದ್ದೆನೆಂಬುದು ಈಗಲೂ ನೆನಪಾಗಿಲ್ಲ, ಆದರೂ ಎಸೆದಿಲ್ಲ.

ಹೆಜ್ಜೆ 4: ಒಂದು ಮಾರು ನೆಲ, ಒಂದು ಮೊಗ್ಗು

ಈಗ ಕಣ್ಣಿಗೆ ಕೆಲಸ. ವಸಂತ ಎಲ್ಲ ಕಡೆ ಒಂದೇ ದಿನ ಬರುವುದಿಲ್ಲ. ಒಂದೇ ಅಂಗಳದಲ್ಲಿ ಬಿಸಿಲಿಗೆ ಮುಖ ಮಾಡಿದ ಗೋಡೆಯ ಬುಡಕ್ಕೆ ಮೊದಲು ಬಂದು, ನೆರಳಿನ ಬದಿಗೆ ವಾರಗಳ ಬಳಿಕ ಬರುವುದುಂಟು. ಹಿಮ ಬೀಳುವ ಊರುಗಳಲ್ಲಿ ಮರದ ಬುಡದ ಸುತ್ತ ಮೊದಲು ಹಿಮ ಕರಗಿ ಉಂಗುರದಂತೆ ನೆಲ ಕಾಣಿಸಿಕೊಳ್ಳುವುದು, ಕಪ್ಪು ಕಾಂಡ ಬಿಸಿಲನ್ನು ಹೀರಿ ಕಾಯುವುದರಿಂದ. ಆದ್ದರಿಂದ ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಿ. ಒಂದು ಮಾರು ಅಗಲದ ತುಂಡು ನೆಲ ಆರಿಸಿ, ದಿನ ಬಿಟ್ಟು ದಿನ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು ಐದು ನಿಮಿಷ ನೋಡಿ. ಮೊದಲ ದಿನ ಕಸಕಡ್ಡಿಯಷ್ಟೇ ಕಂಡೀತು. ಮೂರನೆಯ ಸಲಕ್ಕೆ ಹಾವಸೆಯ ಮೇಲೆ ಗುಂಡುಸೂಜಿಯ ತಲೆಯಂಥ ಸಣ್ಣ ಬೀಜಕಣ ಚೀಲಗಳು ಎದ್ದು ನಿಂತಿರುವುದು, ಕಲ್ಲಿನ ಸಂದಿಯಿಂದ ಇರುವೆಗಳು ಮಣ್ಣಿನ ಕಾಳು ಹೊರಗೆ ತಂದು ಹಾಕಿರುವುದು, ಒಣಎಲೆಯನ್ನು ತೂತು ಮಾಡಿಕೊಂಡು ಒಂದು ಮೊಳಕೆ ಮೇಲೆದ್ದಿರುವುದು ಕಣ್ಣಿಗೆ ಬೀಳತೊಡಗುತ್ತದೆ.

ನೆಲದ ವಾಸನೆಗೂ ಮೂಗು ಕೊಡಿ. ಒದ್ದೆಯಾದ ಮಣ್ಣಿನ ಆ ಪರಿಚಿತ ಘಮಲಿಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಗಳು ಇದನ್ನು ತಯಾರಿಸುತ್ತವೆ. ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗ ಇದ್ದರೂ ಮನುಷ್ಯನ ಮೂಗು ಇದನ್ನು ಹಿಡಿಯಬಲ್ಲದು. ಹೆಪ್ಪುಗಟ್ಟಿದ ನೆಲ ಹೆಚ್ಚು ವಾಸನೆ ಬಿಡುವುದಿಲ್ಲ. ಹಾಗಾಗಿ ಚಳಿಯ ನಂತರ ಮೊದಲ ಸಲ ಮಣ್ಣಿನ ವಾಸನೆ ಬಂದ ದಿನವನ್ನು ನಾನು ನಿಜವಾದ ಋತುಬದಲಾವಣೆ ಎಂದು ಪರಿಗಣಿಸುತ್ತೇನೆ.

ಇನ್ನು ಮೊಗ್ಗು. ಎಲೆ ಉದುರಿಸಿ ನಿಂತ ಯಾವುದಾದರೊಂದು ಮರದ, ಕೈಗೆಟುಕುವ ರೆಂಬೆಯ ತುದಿಯನ್ನು ಬಗ್ಗಿಸಿ ನೋಡಿ. ಹತ್ತು ಪಟ್ಟು ಹಿಗ್ಗಿಸುವ ಸಣ್ಣ ಭೂತಗನ್ನಡಿ ಇದ್ದರೆ ಇನ್ನೂ ಚೆನ್ನ. ಮೊಗ್ಗಿನ ಕೆಳಗೆ ಹಳೆಯ ಎಲೆ ಕಳಚಿಕೊಂಡ ಗಾಯದ ಗುರುತು, ಅದರೊಳಗೆ ಚುಕ್ಕಿಗಳ ಸಾಲು ಇರುತ್ತದೆ. ಒಂದು ಕಾಲಕ್ಕೆ ಆ ಎಲೆಗೆ ನೀರು ಹರಿಸಿದ್ದ ನಾಳಗಳ ತುದಿಗಳು ಅವು. ಮೇಲೆ ಮೊಗ್ಗನ್ನು ಮೀನಿನ ಹುರುಪೆಯಂಥ ಹೊದಿಕೆಗಳು ಒಂದರ ಮೇಲೊಂದು ಮುಚ್ಚಿರುತ್ತವೆ, ಕೆಲವು ಮರಗಳಲ್ಲಿ ಅಂಟಂಟಾಗಿ, ಕೆಲವುಗಳಲ್ಲಿ ರೇಷ್ಮೆಯಂಥ ಕೂದಲಿನಿಂದ ಕೂಡಿ. ಗಾಳಿಗೆ ಮುರಿದು ಬಿದ್ದ ರೆಂಬೆಯೊಂದು ಸಿಕ್ಕರೆ ಸೂಜಿಯಿಂದ ಒಂದು ಮೊಗ್ಗನ್ನು ಬಿಡಿಸಿ. ಹುರುಪೆಗಳನ್ನು ಒಂದೊಂದಾಗಿ ಎತ್ತುತ್ತ ಹೋದಂತೆ, ಕೊನೆಗೆ ಅಕ್ಕಿಕಾಳಿಗಿಂತ ಚಿಕ್ಕದಾದ ತಿಳಿಹಸಿರು ಮುದ್ದೆ. ಅದನ್ನು ಬಿಡಿಸಿದರೆ ನೆರಿಗೆ ಹಿಡಿದು ಮಡಚಿಟ್ಟ ಎಲೆಗಳು, ನರಗಳ ಸಮೇತ. ತಂಪು ನಾಡಿನ ಬಹುಪಾಲು ಎಲೆ ಉದುರುವ ಮರಗಳು ಇವನ್ನು ಹಿಂದಿನ ಬೇಸಿಗೆಯಲ್ಲೇ ಕಟ್ಟಿಟ್ಟಿರುತ್ತವೆ. ಚಳಿಗಾಲದುದ್ದಕ್ಕೂ ಬೋಳಾಗಿ, ಸತ್ತಂತೆ ನಿಂತ ಮರವನ್ನು ನೋಡಿ ನಾವು ಮರುಗುತ್ತಿದ್ದಾಗ ಈ ಗಂಟು ಅದರ ತುದಿಯಲ್ಲೇ ಇತ್ತು. ಅಷ್ಟೇ ಅಲ್ಲ, ಇಂಥ ಮರಗಳಿಗೆ ಚಳಿ ಬೇಕೇ ಬೇಕು. ಸೇಬಿನ ಹಲವು ತಳಿಗಳು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪಿನಲ್ಲಿ 800ರಿಂದ 1,000 ಗಂಟೆ ಕಳೆಯದ ಹೊರತು ಸರಿಯಾಗಿ ಚಿಗುರುವುದಿಲ್ಲ.

ಮೈ ಬೆಚ್ಚಗಾದ ದಿನಗಳಲ್ಲಿ ಹಾರುವವರನ್ನೂ ಗಮನಿಸಿ. ಮೈತುಂಬ ರೋಮವಿರುವ ದೊಡ್ಡ ದುಂಬಿಯೊಂದು ನೆಲಕ್ಕೆ ತಾಗುವಂತೆ ಅಂಕುಡೊಂಕಾಗಿ ಹಾರುತ್ತಿದ್ದರೆ, ಅದು ಚಳಿಗಾಲವನ್ನು ಒಂಟಿಯಾಗಿ ಮಣ್ಣಿನಲ್ಲಿ ಕಳೆದ ರಾಣಿ, ಗೂಡಿಗೆ ಬಿಲ ಹುಡುಕುತ್ತಿದೆ ಎಂದು ತಿಳಿಯಿರಿ. ಜೇನುನೊಣಗಳ ಕಥೆ ಇನ್ನೂ ರಸವತ್ತಾಗಿದೆ. ಕೊರೆಯುವ ಚಳಿಯಲ್ಲಿ ಮುದ್ದೆಗಟ್ಟಿ ಕೂರುವ ಅವು ಗೂಡಿನೊಳಗೆ ಮಲ ವಿಸರ್ಜಿಸುವುದಿಲ್ಲ. ವಾರಗಟ್ಟಲೆ ತಡೆದುಕೊಂಡಿದ್ದು, 10 ಡಿಗ್ರಿ ದಾಟಿದ ಮೊದಲ ಬಿಸಿಲಿನ ದಿನ ಗುಂಪಾಗಿ ಹೊರಬೀಳುತ್ತವೆ. ಅಂದು ಜೇನುಗೂಡಿನ ಹತ್ತಿರ ಬಿಳಿ ಬಟ್ಟೆ ಒಣಗಿಸದಿರುವುದು ಒಳಿತು.

ಹೆಜ್ಜೆ 5: ಕಿಟಕಿಯಲ್ಲಿ ಒಂದು ತಟ್ಟೆ ಸಾಸಿವೆ

ತಟ್ಟೆಯೊಂದರಲ್ಲಿ ಹತ್ತಿ ಹಾಸಿ, ಒದ್ದೆ ಮಾಡಿ, ಚಮಚದಷ್ಟು ಸಾಸಿವೆಯನ್ನು ಒಂದರ ಮೇಲೊಂದು ಬೀಳದಂತೆ ಹರಡಿ ಕಿಟಕಿಯಲ್ಲಿಡಿ. ಹತ್ತಿ ಒಣಗಬಾರದು, ನೀರು ನಿಲ್ಲಲೂಬಾರದು. ಮೊದಲ ದಿನ ಕಾಳು ಉಬ್ಬುತ್ತದೆ. ಎರಡು ಮೂರು ದಿನಗಳಲ್ಲಿ ಬೇರು ಇಣುಕುತ್ತದೆ. ಆಗ ಬೇರಿನ ಸುತ್ತ ಬೂಷ್ಟಿನಂಥ ಬಿಳಿ ನವಿರು ಕಾಣಿಸಿಕೊಂಡರೆ ಗಾಬರಿಯಾಗಬೇಡಿ. ಮೊದಲ ವರ್ಷ ನಾನು ಅದನ್ನು ಬೂಷ್ಟೆಂದೇ ನಂಬಿ ಇಡೀ ತಟ್ಟೆಯನ್ನು ಕಸಕ್ಕೆ ಸುರಿದಿದ್ದೆ. ಅದು ನೀರು ಹೀರುವ ಬೇರುರೋಮ. ನೀರು ಚಿಮುಕಿಸಿದರೆ ಮೈಗಂಟಿ ಮಾಯವಾಗಿ, ಆರಿದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ; ಬೂಷ್ಟಾದರೆ ಹಾಗೆ ಮಾಯವಾಗುವುದಿಲ್ಲ, ಜೊತೆಗೆ ಮುಗ್ಗಲು ವಾಸನೆ ಬರುತ್ತದೆ.

ಎಲೆ ಬಿಚ್ಚಿ ಎರಡು ಬೆರಳು ಎತ್ತರವಾದಾಗ ಸಸಿಗಳೆಲ್ಲ ಕಿಟಕಿಯ ಕಡೆಗೆ ಬಾಗಿರುತ್ತವೆ. ಬೆಳಗ್ಗೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿಡಿ. ಸಂಜೆಯೊಳಗೆ ಎಲ್ಲವೂ ಕತ್ತು ತಿರುಗಿಸಿ ಬೆಳಕಿನತ್ತ ನೋಡುತ್ತಿರುತ್ತವೆ. ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ಜೊತೆಗೂಡಿ ಹುಲ್ಲಿನ ಮೊಳಕೆಗಳ ತುದಿಗೆ ಟೋಪಿ ತೊಡಿಸಿ, ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂದು 1880ರಲ್ಲಿ ತೋರಿಸಿದ್ದು ಇಂಥ ಆಟದಿಂದಲೇ. ನಿಮ್ಮ ತಟ್ಟೆಯ ಒಂದು ಸಸಿಗೂ ಬೆಳ್ಳಿಹಾಳೆಯ ಪುಟ್ಟ ಟೋಪಿ ಹಾಕಿ ನೋಡಬಹುದು, ಆದರೆ ಹುಲ್ಲಿನಷ್ಟು ಚೊಕ್ಕವಾದ ಉತ್ತರವನ್ನು ಸಾಸಿವೆ ಕೊಡಲಾರದು.

ಚಳಿ ಹೆಚ್ಚಿರುವ ಕಡೆ ಇನ್ನೊಂದು ಉಪಾಯವಿದೆ. ಫಾರ್ಸಿಥಿಯಾ, ವಿಲ್ಲೋ, ಚೆರ್ರಿಯಂಥ, ಎಲೆಗಿಂತ ಮೊದಲೇ ಹೂ ಬಿಡುವ ಗಿಡಗಳನ್ನು ಸವರಿದಾಗ ಸಿಗುವ ರೆಂಬೆಗಳ ಬುಡವನ್ನು ಓರೆಯಾಗಿ ಕತ್ತರಿಸಿ, ನೀರಿನ ಪಾತ್ರೆಯಲ್ಲಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಒಂದರಿಂದ ಮೂರು ವಾರಗಳಲ್ಲಿ ಮನೆಯೊಳಗೇ ಹೂ ಅರಳುತ್ತದೆ. ಪರರ ಮರದ ರೆಂಬೆಗೆ ಕೇಳದೆ ಕೈ ಹಾಕುವುದು ಬೇಡ.

ಹೆಜ್ಜೆ 6: ಕಿವಿ

ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ, ವಾರಕ್ಕೊಂದು ದಿನವಾದರೂ, ಎದ್ದು ಕಿಟಕಿ ತೆರೆದು ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಹಗಲು ಉದ್ದವಾಗುವುದೇ ಹಲವು ಹಕ್ಕಿಗಳಿಗೆ ಹಾಡು ಆರಂಭಿಸುವ ಸೂಚನೆ. ಗಂಡು ಕ್ಯಾನರಿ ಹಕ್ಕಿಯ ಮೆದುಳಿನಲ್ಲಿ ಹಾಡಿಗೆ ಸಂಬಂಧಿಸಿದ ಕೇಂದ್ರಗಳೇ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತವೆ ಎಂದು ಫರ್ನಾಂಡೊ ನಾಟಿಬಾಮ್ 1981ರಲ್ಲಿ ವರದಿ ಮಾಡಿದ್ದರು. ಮೊದಲ ಬಾರಿಗೆ ಹಕ್ಕಿಗಳ ಹೆಸರಿನ ಗೊಡವೆಗೆ ಹೋಗದೆ ಬೇರೆಬೇರೆ ದನಿಗಳು ಎಷ್ಟೆಂದು ಬೆರಳು ಮಡಚಿ ಎಣಿಸಿ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು ವಾರವಿಡೀ ಅದನ್ನಷ್ಟೇ ಹಿಂಬಾಲಿಸಿ, ದನಿ ಕಿವಿಯಲ್ಲಿ ನೆಲೆಸಿದ ಮೇಲೆ ಬೇಕಾದರೆ ಮರ್ಲಿನ್‌ನಂಥ ಮೊಬೈಲ್ ಆ್ಯಪ್‌ನಿಂದ ಹೆಸರು ತಿಳಿದುಕೊಳ್ಳಿ. ಮೊದಲೇ ಮೊಬೈಲ್ ಹಿಡಿದರೆ ಪರದೆಯ ಮೇಲೆ ಹೆಸರುಗಳು ಉದುರುತ್ತವೆ, ಕಿವಿ ಮಾತ್ರ ಖಾಲಿಯಾಗಿಯೇ ಉಳಿಯುತ್ತದೆ.

ಹೆಜ್ಜೆ 7: ದಿನಕ್ಕೊಂದು ಸಾಲು

ಒಂದು ನೋಟ್‌ಬುಕ್ ಇಟ್ಟು, ದಿನಾಂಕ ಹಾಕಿ, ಅಂದು ಹೊಸದಾಗಿ ಕಂಡದ್ದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ‘ಖುಷಿಯಾಯಿತು’ ಎಂದು ಬರೆಯಬೇಡಿ. ‘ಮೂಲೆಮನೆ ಗೇಟಿನ ಮೇಲೆ ಬೆಕ್ಕು, ಬಿಸಿಲಿಗೆ ಹೊಟ್ಟೆ ಕೊಟ್ಟು’ ಎಂದು ಬರೆಯಿರಿ. ಇಂಗ್ಲೆಂಡಿನ ನಾರ್ಫೋಕ್‌ನ ರಾಬರ್ಟ್ ಮಾರ್ಷಮ್ 1736ರಲ್ಲಿ ಮೊದಲ ಚಿಗುರು, ಮೊದಲ ಹೂ, ಮೊದಲ ಕಪ್ಪೆಯ ದನಿ ಎಂದು ವಸಂತದ 27 ಚಿಹ್ನೆಗಳನ್ನು ದಿನಾಂಕದೊಡನೆ ದಾಖಲಿಸತೊಡಗಿದರು. ಅವರ ವಂಶಸ್ಥರು ಅದನ್ನು 1958ರವರೆಗೂ ಮುಂದುವರಿಸಿದರು. ಆ ಟಿಪ್ಪಣಿಗಳು ಇಂದು ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಬೆಲೆಬಾಳುವ ಆಕರ. ನಮ್ಮ ನೋಟ್‌ಬುಕ್ ಅಷ್ಟು ದೂರ ಹೋಗದಿದ್ದರೂ ಮುಂದಿನ ವರ್ಷದ ಮಂಕು ದಿನಗಳಲ್ಲಿ ತೆರೆದು ನೋಡಿದರೆ, ಇನ್ನು ಹನ್ನೊಂದು ದಿನಕ್ಕೆ ಆ ಬೇಲಿಯಲ್ಲಿ ಮೊದಲ ಹೂ ಕಾಣಬೇಕು ಎಂದು ಲೆಕ್ಕ ಹಾಕಲು ಸಾಧ್ಯವಾಗುತ್ತದೆ. ಕಾಯಲು ಒಂದು ದಿನಾಂಕ ಸಿಗುವುದೇ ದೊಡ್ಡ ಸಮಾಧಾನ.

‘ಹೊಸದಾಗಿ’ ಎಂಬ ಮಾತಿಗೆ ಕಾರಣವಿದೆ. ಯಾವ ಸುಖಕ್ಕೂ ನಾವು ಬೇಗ ಒಗ್ಗಿಹೋಗುತ್ತೇವೆ. ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ 1971ರಲ್ಲಿ ಇದನ್ನು, ಎಷ್ಟು ನಡೆದರೂ ಮುಂದೆ ಸಾಗದ ಯಂತ್ರದ ಮೇಲಿನ ನಡಿಗೆಗೆ ಹೋಲಿಸಿದ್ದರು. ಹಾಗಾಗಿ ಹಿತವಾದದ್ದನ್ನು ಒಮ್ಮೆಗೇ ಹೀರಿ ಮುಗಿಸಬಾರದು. ಲೀಫ್ ನೆಲ್ಸನ್ ಮತ್ತು ಟಾಮ್ ಮೇವಿಸ್ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೈ ನೀವಿಸಿಕೊಳ್ಳುವಂಥ ಹಿತಾನುಭವದ ನಡುವೆ ಸ್ವಲ್ಪ ಬಿಡುವು ಬಂದವರೇ ಅದನ್ನು ಹೆಚ್ಚು ಆನಂದಿಸಿದ್ದರು. ಎಳೆಬಿಸಿಲಿನಲ್ಲಿ ಕುಳಿತವರು ನಡುವೆ ಎದ್ದು ಐದು ನಿಮಿಷ ನೆರಳಿಗೆ ಹೋಗಿ ಮರಳಿ ಬನ್ನಿ. ಎರಡನೆಯ ಸಲ ಬೆನ್ನಿಗೆ ಬಿಸಿಲು ತಾಗುವ ಸುಖವೇ ಬೇರೆ.

ಕಂಡದ್ದನ್ನು ಒಬ್ಬರಿಗಾದರೂ ಹೇಳಿ. ಫೋಟೊ ಕಳಿಸುವುದಕ್ಕಿಂತ, ಫೋನಿನಲ್ಲಿ ಎರಡು ಮಾತು ಹೇಳುವುದು ಮೇಲು.

ಈ ಹೆಜ್ಜೆಗಳು ಸಾಲದಿದ್ದಾಗ

ಇವು ಸಾಧಾರಣ ಮಂಕಿಗೆ ಮಾತ್ರ ಸಲ್ಲುವ ಉಪಾಯಗಳು. ಋತುವಿನೊಂದಿಗೆ ಮರುಕಳಿಸುವ ಖಿನ್ನತೆಯನ್ನು ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಒಂದು ಕಾಯಿಲೆಯಾಗಿಯೇ ಗುರುತಿಸಿದರು. ಅದಕ್ಕೆ ಚಿಕಿತ್ಸೆ ಇದೆ. ಕುಗ್ಗಿದ ಮನಸ್ಸು ಎರಡು ವಾರ ಮೀರಿ ಹಾಗೆಯೇ ಉಳಿದರೆ, ನಿದ್ದೆ ಊಟ ಕೆಟ್ಟರೆ, ಯಾವುದರಲ್ಲೂ ರುಚಿಯೇ ಇಲ್ಲದಾದರೆ ವೈದ್ಯರನ್ನು ಕಾಣಬೇಕು. ಹಲವು ದೇಶಗಳಲ್ಲಿ ಆತ್ಮಹತ್ಯೆಗಳು ಹೆಚ್ಚುವುದು ನಡುಚಳಿಗಾಲಕ್ಕಿಂತ ವಸಂತದಲ್ಲಿ ಎಂಬುದನ್ನೂ ಮರೆಯುವಂತಿಲ್ಲ. ಸುತ್ತ ಎಲ್ಲರೂ ಗೆಲುವಾಗಿರುವಾಗ ಒಬ್ಬರು ಮುದುಡಿ ಕುಳಿತಿದ್ದರೆ ‘ಹೊರಗೆ ಹೋಗಿ ಬಾ, ಸರಿಹೋಗುತ್ತೆ’ ಎಂದು ಸಾಗಹಾಕದೆ ಪಕ್ಕದಲ್ಲಿ ಕೂರಿ, ಜೊತೆಗೆ ವೈದ್ಯರ ಬಳಿ ಹೋಗಿ. ಸಾಯುವ ಯೋಚನೆ ಬಂದಿದ್ದರೆ ಒಂದು ದಿನವೂ ತಡಮಾಡಬಾರದು. ಖಿನ್ನತೆ ಮತ್ತು ಉನ್ಮಾದ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆ ಇರುವವರು ಪ್ರಬಲ ದೀಪದ ಚಿಕಿತ್ಸೆಯನ್ನು ತಾವಾಗಿಯೇ ಆರಂಭಿಸುವುದು ಅಪಾಯ, ಅದು ಮನಸ್ಸನ್ನು ಉನ್ಮಾದದ ಕಡೆಗೆ ತಳ್ಳಬಹುದು.

ಹೆಜ್ಜೆ 8: ವಸಂತವನ್ನು ಎರಡು ಸಲ ಕಾಣುವುದು

ಕೊನೆಯದು, ಒಂದು ದಿನ ಬಿಡುವು ಮಾಡಿಕೊಂಡು ಮಾಡಬೇಕಾದದ್ದು. ಅಮೆರಿಕದ ಕೀಟವಿಜ್ಞಾನಿ ಆಂಡ್ರ್ಯೂ ಹಾಪ್ಕಿನ್ಸ್ 1918ರಲ್ಲಿ ಒಂದು ಅಂದಾಜು ಸೂತ್ರ ಕೊಟ್ಟರು: ಉತ್ತರ ಅಮೆರಿಕದಲ್ಲಿ ಉತ್ತರಕ್ಕೆ ಒಂದು ಡಿಗ್ರಿ ಅಕ್ಷಾಂಶ ಸರಿದರೆ, ಅಥವಾ 400 ಅಡಿ ಮೇಲೇರಿದರೆ, ವಸಂತದ ಬೆಳವಣಿಗೆ ನಾಲ್ಕು ದಿನ ತಡವಾಗುತ್ತದೆ. ಬೇರೆಡೆ ಸಂಖ್ಯೆಗಳು ಬದಲಾಗಬಹುದು, ಕ್ರಮ ಬದಲಾಗುವುದಿಲ್ಲ. ಹತ್ತಿರದಲ್ಲಿ ಬೆಟ್ಟವೋ ಕಣಿವೆಯೋ ಇದ್ದರೆ ಇದು ಕಾಲವನ್ನು ಹಿಂದೆಮುಂದೆ ಸರಿಸುವ ಕೀಲಿಕೈ. ನಿಮ್ಮೂರಿನಲ್ಲಿ ಇನ್ನೂ ಮೊಗ್ಗು ಬಿಗಿದಿದ್ದರೆ ಸಾವಿರ ಅಡಿ ಕೆಳಗಿಳಿಯಿರಿ, ಹತ್ತು ದಿನ ಮುಂದಿನ ದೃಶ್ಯ ಅಲ್ಲಿ ತೆರೆದಿರುತ್ತದೆ. ಊರಲ್ಲಿ ಹೂ ಉದುರಿ ಎಲೆ ಗಟ್ಟಿಯಾದ ಮೇಲೆ ಬೆಟ್ಟ ಏರಿ. ನೋಟ್‌ಬುಕ್ ಜೊತೆಗಿರಲಿ, ನೀರಿನ ಬಾಟಲಿ ಮತ್ತು ಬಿಚ್ಚಿಹಾಕಿದ್ದ ಸ್ವೆಟರ್ ಕೂಡ, ಏಕೆಂದರೆ ಮೇಲೆ ಇನ್ನೂ ಚಳಿ ಇರುತ್ತದೆ. ಏರುತ್ತ ಹೋದಂತೆ ಎಲೆ ಚಿಕ್ಕದಾಗುತ್ತ, ನೆರಿಗೆ ಹಿಡಿದುಕೊಳ್ಳುತ್ತ, ಹುರುಪೆಯೊಳಕ್ಕೆ ಮರಳಿ ಹೋದಂತೆ ಕಾಣುತ್ತದೆ. ಮೂರು ವಾರಗಳ ಹಿಂದೆ ಸೂಜಿಯಿಂದ ಬಿಡಿಸಿ ನೋಡಿದ್ದ ಅದೇ ಬಗೆಯ ಮೊಗ್ಗು ಎಲ್ಲಿ ಕೈಗೆ ಸಿಗುತ್ತದೋ ಅಲ್ಲಿ ನಿಂತು, ಸ್ವೆಟರ್ ತೊಟ್ಟುಕೊಂಡು, ಅಂದಿನ ಸಾಲನ್ನು ಬರೆದುಕೊಳ್ಳಿ.